ಹೆಸರಿಲ್ಲದ ಸಂಕಟ ಮತ್ತು ಬಳ್ಳಾರಿ ಮಾದರಿ

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತವರು ಬಳ್ಳಾರಿ. ಗಣಿ, ಬಿಸಿಲು, ಕೋಟೆ, ಜೀನ್ಸ್ ಪ್ಯಾಂಟುಗಳ ಮಾತಿನಲ್ಲಿ ಈ ಸಂಗತಿ ಬಳ್ಳಾರಿಯವರಿಗೇ ಮರೆತುಹೋದಂತಿದೆ.

1982ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಿತು. ಕಾಗದದ ಮೇಲಿದ್ದ ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ಪ್ರಯೋಗಿಸಲು ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ಆಗ ಸುಮಾರು 20 ಲಕ್ಷ ಜನರಿದ್ದ ಬಳ್ಳಾರಿಯನ್ನು. 1985ರಿಂದ 1990ರವರೆಗೆ ಈ ಪ್ರಯೋಗ ನಡೆಯಿತು. ಸಿರುಗುಪ್ಪದ ಭತ್ತದ ಸೀಮೆಯಿರಲಿ, ಆಗ ಬಳ್ಳಾರಿ ತಾಲ್ಲೂಕಿಗೇ ಸೇರಿದ್ದ ಕುರುಗೋಡಿರಲಿ, ಹುಚ್ಚು ಎನ್ನುವ ಕಾಯಿಲೆಗೂ ಮೂರ್ಛೆರೋಗಕ್ಕೂ ಮಾತ್ರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು ಎಂಬುದು ಅದರ ಹಂಬಲ. ಅಲ್ಲಿನ ವೈದ್ಯರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ.ಆರ್. ಚಂದ್ರಶೇಖರ್ ಇಂತಹ ವೈದ್ಯರಿಗಾಗಿಯೇ ಕೈಪಿಡಿ ಬರೆದರು. ಸರಪಳಿ, ದರ್ಗಾ, ಗುಡಿಗಳ ಆಚೆಗೆ ಬಡವನಿಗೆ ಇನ್ನೊಂದು ಬಾಗಿಲು ತೆರೆದದ್ದು ಸಣ್ಣ ಮಾತಲ್ಲ.

ಆದರೆ ಹುಚ್ಚೂ ಅಲ್ಲದ, ಮೂರ್ಛೆಯೂ ಅಲ್ಲದ ಸಂಕಟವೊಂದಿದೆ. "ಎದಿ ಬಡಕೊಳ್ತೈತಿ, ಕೈಕಾಲು ಜೋಮು, ತಲಿ ಕಾದೈತಿ" ಎನ್ನುತ್ತಾ ಬರುವ ಹೆಂಗಸಿಗೆ ಶಕ್ತಿಯ ಇಂಜೆಕ್ಷನ್ ಚುಚ್ಚಿಸಿಕೊಂಡು ಹೋಗುವುದೇ ರೂಢಿ. ಬೇಸರವೋ, ಭಯವೋ, ಸಿಟ್ಟೋ ಎಂದು ಕೇಳಿದರೆ ಆಕೆ ಸುಮ್ಮನಾಗುತ್ತಾಳೆ. ತನ್ನ ಭಾವನೆಯನ್ನು ಗುರುತಿಸಲಾಗದ, ಮಾತಿಗೆ ತರಲಾಗದ ಈ ಸ್ಥಿತಿಗೆ ಗ್ರೀಕ್ ಮೂಲದ, ಅಮೆರಿಕದ ಬಾಸ್ಟನ್ನಿನಲ್ಲಿದ್ದ ಮನೋವೈದ್ಯ ಪೀಟರ್ ಸಿಫ್ನಿಯಾಸ್ 1970ರ ದಶಕದ ಆರಂಭದಲ್ಲಿ 'ಅಲೆಕ್ಸಿಥೈಮಿಯಾ' ಎಂದು ಹೆಸರಿಟ್ಟರು. ಭಾವಕ್ಕೆ ಪದವಿಲ್ಲದಿರುವುದು ಎಂದು ಅದರರ್ಥ. ಮನಸ್ಸಿನ ಆಳ ಕೆದಕುವ ಮಾಮೂಲು ಚಿಕಿತ್ಸೆ ಇಂಥವರಿಗೆ ಒಗ್ಗುವುದಿಲ್ಲವೆಂದೂ ಅವರು ಎಚ್ಚರಿಸಿದ್ದರು. ಮೈಯಿಂದಲೇ ಶುರುಮಾಡಬೇಕು: ಎದೆ ಬಡಿದುಕೊಂಡದ್ದು ಯಾವಾಗ, ಆಗ ಮನೆಯಲ್ಲಿ ಯಾರಿದ್ದರು, ಯಾವ ಮಾತು ಬಂತು? ಹೀಗೆ ಕೇಳುತ್ತಾ ಹೋದರೆ ಹೆಸರು ನಿಧಾನವಾಗಿ ಹುಟ್ಟುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸವಿದು.

ಇಲ್ಲೊಂದು ತಕರಾರು ಎತ್ತಲೇಬೇಕು. ಮೈಯ ಮಾತೆಲ್ಲ ಕಾಯಿಲೆಯಲ್ಲ. ಕನ್ನಡದ ಹೊಟ್ಟೆಕಿಚ್ಚು ಹೊಟ್ಟೆಯ ರೋಗವಲ್ಲ. ನಮ್ಮ ಮನೆಗಳ ದಖನಿಯಲ್ಲಿ "ಜೀ ಘಬ್ರಾತಾ" ಎಂದವಳು ಹೃದ್ರೋಗಿಯೂ ಅಲ್ಲ. ಪದ ಅವಳಲ್ಲಿದೆ, ಅದನ್ನು ಓದುವ ವೈದ್ಯ ಎದುರಿಗಿಲ್ಲ, ಅಷ್ಟೆ. ನಿಜವಾಗಿ ಪದ ಸಿಗದವರು ಬೇರೆ. ಅವರನ್ನು ಇವರಿಂದ ಬೇರ್ಪಡಿಸಲು ಬಿಡುವು ಬೇಕು, ರೋಗಿಯ ಭಾಷೆ ಬೇಕು.

ಸರದಿಯಲ್ಲಿ ನೂರು ಜನ ನಿಂತಿರುವಾಗ ಆ ಬಿಡುವು ಎಲ್ಲಿ? ಬಳ್ಳಾರಿ ಮಾದರಿ ಮಾತ್ರೆಗೆ ಒತ್ತು ಕೊಟ್ಟದ್ದು ಆ ಕಾಲಕ್ಕೆ ಸರಿಯೇ. 1996ರಲ್ಲಿ ಅದನ್ನೇ ಆಧರಿಸಿ ದೇಶದ 4 ಜಿಲ್ಲೆಗಳಲ್ಲಿ ಕಾರ್ಯಕ್ರಮ ಶುರುವಾಗಿ ಮುಂದೆ ಎಲ್ಲೆಡೆ ಹಬ್ಬಿದಾಗಲೂ ಮಾತಿನ ಚಿಕಿತ್ಸೆ ಹಿಂದೆಯೇ ಉಳಿಯಿತು ಎಂಬುದು ನನ್ನ ದೂರು. ಆ ಕೊರತೆಯನ್ನು ಅಷ್ಟಿಷ್ಟು ತುಂಬಿದ್ದು ಚಂದ್ರಶೇಖರ್ ಅವರ ಸರಳ ಕನ್ನಡ ಪುಸ್ತಕಗಳು.

2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಆರಂಭವಾಯಿತು. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಇಂಜೆಕ್ಷನ್ ಇಲ್ಲ, ನಾಡಿ ಹಿಡಿಯುವವರಿಲ್ಲ. "ಎದಿ ಬಡಕೊಳ್ತೈತಿ" ಎಂದು ಸಿರುಗುಪ್ಪದಿಂದ ಕರೆ ಬಂದರೆ, ಆಚೆ ಕಡೆಯವರು ಎರಡನೆಯ ಪ್ರಶ್ನೆ ಕೇಳಲೇಬೇಕಾಗುತ್ತದೆ.