ತಿಗುರಿ, ಆವಿಗೆ ಮತ್ತು ಶ್ರಾವಕನ ಮನೆ

ಕರ್ಮಭೂಮಿಯ ಆರಂಭದಲ್ಲಿ ಜನರು ಧಾನ್ಯವನ್ನು ನೇರವಾಗಿ ಬೆಂಕಿಗೆ ಸುರಿದು, ಬೆಂಕಿಯೇ ಎಲ್ಲವನ್ನೂ ತಿಂದುಬಿಡುತ್ತದೆಂದು ಋಷಭಸ್ವಾಮಿಯ ಬಳಿ ದೂರಿಕೊಂಡರಂತೆ. ಆನೆಯ ಮೇಲಿದ್ದ ಸ್ವಾಮಿಯು ಹಸಿಮಣ್ಣಿನ ಮುದ್ದೆಯನ್ನು ತರಿಸಿ, ಆನೆಯ ಕುಂಭಸ್ಥಳದ ಮೇಲೆ ಅದನ್ನು ಹರಡಿ, ಪಾತ್ರೆ ಮಾಡಿ ತೋರಿಸಿದನು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತ್ರಿಷಷ್ಟಿಶಲಾಕಾಪುರುಷಚರಿತ್ರದಲ್ಲಿ ಹೇಳುವ ಈ ಕಥೆಯಂತೆ ಶಿಲ್ಪಗಳಲ್ಲಿ ಮೊದಲನೆಯದು ಕುಂಬಾರಿಕೆ. ಅದೇ ಆಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಜೀವಿಕೆಗಳನ್ನು ಎಣಿಸುವಾಗ, ಇದ್ದಿಲು ಮತ್ತು ಇಟ್ಟಿಗೆ ಸುಡುವುದರೊಡನೆ ಕುಂಬಾರನ ಕೆಲಸವನ್ನೂ ಅಂಗಾರಜೀವಿಕೆಯಲ್ಲಿ ಸೇರಿಸಿದ್ದಾರೆ. ಮಣ್ಣು ಅಗೆದರೆ ಪೃಥ್ವೀಕಾಯ ಜೀವಗಳಿಗೆ ಬಾಧೆ. ಆವಿಗೆ ಹೊತ್ತಿಸಿದರೆ ಕಟ್ಟಿಗೆಯೊಳಗಿನ ತ್ರಸಜೀವಿಗಳಿಗೂ ಬಾಧೆ. ಹಾಗಾದರೆ ಆದಿಜಿನನೇ ಕಲಿಸಿದ ಕಸುಬು ಶ್ರಾವಕನಿಗೆ ಸಲ್ಲದೆ?

ಶ್ವೇತಾಂಬರ ಆಗಮಗಳಲ್ಲೊಂದಾದ ಉಪಾಸಕದಶಾಂಗದ ಏಳನೆಯ ಅಧ್ಯಯನದಲ್ಲಿ ಪೋಲಾಸಪುರದ ಕುಂಬಾರ ಸದ್ದಾಲಪುತ್ತನ ವೃತ್ತಾಂತವಿದೆ. ಆತ ಆಜೀವಿಕ ಮತದವನು. ಊರ ಹೊರಗೆ ಐನೂರು ಕುಂಭಶಾಲೆಗಳ ಒಡೆಯ. ಬಿಸಿಲಿಗೆ ಮಡಕೆಗಳನ್ನು ಒಣಗಿಸುತ್ತಿದ್ದ ಅವನನ್ನು ಮಹಾವೀರಸ್ವಾಮಿಯು, ಇವು ಪುರುಷಪ್ರಯತ್ನದಿಂದ ಆದವೋ ಅಥವಾ ತಾವಾಗಿಯೇ ಆದವೋ ಎಂದು ಕೇಳಿದನು. ಎಲ್ಲವೂ ನಿಯತವಾದುದೇ, ಪ್ರಯತ್ನವೆಂಬುದಿಲ್ಲ ಎಂದು ಕುಂಬಾರನು ಹೇಳಿದನು. ಯಾರಾದರೂ ಈ ಮಡಕೆಗಳನ್ನು ಕದ್ದರೆ, ಒಡೆದರೆ ಏನು ಮಾಡುವೆ ಎಂದಾಗ, ಹಿಡಿದು ಹೊಡೆಯುವೆನೆಂದನು. ಪ್ರಯತ್ನವೇ ಇಲ್ಲದಿದ್ದರೆ ಒಡೆದವನದು ತಪ್ಪು ಹೇಗಾಗುತ್ತದೆ? ಈ ಒಂದು ಪ್ರಶ್ನೆಯಿಂದ ಅವನ ಮತ ಸಡಿಲಿತು. ಅವನೂ ಅವನ ಹೆಂಡತಿ ಅಗ್ಗಿಮಿತ್ತೆಯೂ ಶ್ರಾವಕವ್ರತಗಳನ್ನು ಸ್ವೀಕರಿಸಿದರು. ಹದಿನೈದು ಕರ್ಮಾದಾನಗಳನ್ನು ಹೆಸರಿಸುವ ಇದೇ ಗ್ರಂಥವು, ಸದ್ದಾಲಪುತ್ತನು ತಿಗುರಿಯನ್ನು ತೊರೆದನೆಂದು ಎಲ್ಲಿಯೂ ಹೇಳುವುದಿಲ್ಲ. ಮುಂದೆ ಗೋಶಾಲನು ಬಂದಾಗ ಆತ ಉಳಿದುಕೊಳ್ಳಲು ಕೊಟ್ಟದ್ದು ಈ ಕುಂಭಶಾಲೆಗಳನ್ನೇ. ಕಸುಬಿಗೆ ಹುಟ್ಟಿದವನಿಗೆ ವ್ರತದ ಬಾಗಿಲನ್ನು ಮುಚ್ಚಲಿಲ್ಲ ಎಂಬುದಷ್ಟೇ ನನಗೆ ಇದರಿಂದ ಸ್ಪಷ್ಟವಾಗುವ ಸಂಗತಿ.

ಈಗ ನಮ್ಮ ಸೀಮೆಯತ್ತ ಬರೋಣ. ಶಿರಸಿ ತಾಲೂಕಿನ ಬನವಾಸಿಯ ಉತ್ಖನನಗಳಲ್ಲಿ ಶಾತವಾಹನರ ಕಾಲದ ಮಡಕೆ ಚೂರುಗಳು ದೊರೆತಿವೆ. ಸ್ವಾದಿಯ ಜೈನಮಠವಿರುವ, ಬಿಳಗಿಯ ರತ್ನತ್ರಯ ಬಸದಿಯಿರುವ ಈ ಘಟ್ಟದ ನಾಡಿನಲ್ಲಿ ಕುಂಬಾರನು ಮಡಕೆಯನ್ನಷ್ಟೇ ಅಲ್ಲ, ಮನೆಯ ಮಾಡನ್ನೂ ಕೊಟ್ಟವನು. ತಿಗುರಿಯ ಮೇಲೆ ಕೊಳವೆಯಂತೆ ಎತ್ತಿ, ಸೀಳಿ ಎರಡು ಮಾಡಿ ಸುಟ್ಟ ನಾಡಹಂಚು ಅವನ ದೊಡ್ಡ ಸಂಪಾದನೆಯಾಗಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಸಂಪಾದನೆ ಕ್ರಮೇಣ ಕೈತಪ್ಪಿತು. ಅನಂತರ ಅಲ್ಯೂಮಿನಿಯಮ್ ಬಂತು, ಸ್ಟೀಲು ಬಂತು, ಪ್ಲಾಸ್ಟಿಕ್ ಬಂತು.

ಆದರೂ ತಿಗುರಿ ಪೂರ್ತಿ ನಿಂತಿಲ್ಲ. ಇದಕ್ಕೆ ಹಳೆಯದರ ಮೇಲಿನ ಮೋಹವೇ ಕಾರಣವೆಂಬ ಮಾತನ್ನು ನಾನು ಒಪ್ಪಲಾರೆ. ಕೆಲವು ಕೆಲಸಗಳನ್ನು ಮಣ್ಣಿನಷ್ಟು ಚೆನ್ನಾಗಿ ಬೇರೆ ವಸ್ತು ಮಾಡುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೊಡದೇವನ್ನೇ ನೋಡಬಹುದು. ಆಲೆಮನೆಯ ಹಂಗಾಮಿನಲ್ಲಿ ಕಬ್ಬಿನ ಹಾಲಿಗೆ ಅಕ್ಕಿಹಿಟ್ಟು ಬೆರೆಸಿ, ಒಲೆಯ ಮೇಲೆ ಕವುಚಿಟ್ಟ ಗಡಿಗೆಯ ಬೆನ್ನಿಗೆ ಬಟ್ಟೆಯಿಂದ ತೆಳ್ಳಗೆ ಸವರುತ್ತಾರೆ. ಕಾಗದದಂಥ ಹಾಳೆ ಎದ್ದು ಬರುತ್ತದೆ. ಅದಕ್ಕೆ ಒಂದೇ ಸಮನಾದ ದುಂಡು ಬೆನ್ನು ಬೇಕು, ನಿಧಾನವಾಗಿ ಕಾದು ಶಾಖವನ್ನು ಹಿಡಿದಿಡುವ ಗುಣವೂ ಬೇಕು. ಸಿಹಿ ಬೆರೆತ ಹಿಟ್ಟು ತೆಳುವಾದ ಲೋಹದ ಮೇಲೆ ಬೇಗನೆ ಹೊತ್ತುತ್ತದೆ. (ಋಷಭಸ್ವಾಮಿಯ ಮೊದಲ ಪಾರಣೆಯೂ ಇಕ್ಷುರಸದಿಂದಲೇ ಆಯಿತೆಂಬುದನ್ನು ಅಕ್ಷಯತದಿಗೆ ಆಚರಿಸುವ ಓದುಗರಿಗೆ ನೆನಪಿಸಬೇಕಾಗಿಲ್ಲ.) ನೀರಿನ ಗಡಿಗೆಯ ಗುಟ್ಟು ಬೇರೆ. ಅದರ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಹೆಪ್ಪು ಹಾಕಿದ ಹಾಲು ಮಡಕೆಯಲ್ಲಿ ಗಟ್ಟಿ ಮೊಸರಾಗುವುದೂ ಈ ರಂಧ್ರಗಳಿಂದಲೇ. ಇವೇ ರಂಧ್ರಗಳಲ್ಲಿ ಹಿಂದಿನ ಅಡುಗೆಯ ಅಂಶ ಉಳಿಯುತ್ತದೆಂಬ ಆಕ್ಷೇಪವನ್ನು ಆಹಾರದ ಮರ್ಯಾದೆ ಪಾಲಿಸುವವರು ಎತ್ತುವುದುಂಟು, ಅದು ನ್ಯಾಯವೇ. ಅಂಥವರು ನೀರಿಗೊಂದು, ಮೊಸರಿಗೊಂದು ಎಂದು ಬೇರೆ ಬೇರೆ ಇಟ್ಟುಕೊಳ್ಳಬೇಕು.

ಹಿಂಸೆಯ ಪ್ರಶ್ನೆ ಉಳಿಯಿತು. ಅಂಗಾರಕರ್ಮದ ದೋಷ ಸುಡುವವನಿಗೆ ಮಾತ್ರ, ಕೊಳ್ಳುವವನಿಗೆ ಇಲ್ಲವೆನ್ನುವುದು ಅಗ್ಗದ ಸಮಾಧಾನ. ಆದರೆ ಗಡಿಗೆಯನ್ನು ಬಿಟ್ಟು ಅಲ್ಯೂಮಿನಿಯಮ್ ಕೊಂಡವನು ಹಿಂಸೆಯಿಂದ ಪಾರಾದನೆ? ಬಾಕ್ಸೈಟಿಗಾಗಿ ಬೆಟ್ಟಗಳನ್ನೇ ಅಗೆಯುತ್ತಾರೆ; ಅದನ್ನು ಕರಗಿಸುವ ಕುಲುಮೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಕುಂಬಾರನ ಆವಿಗೆ ಕಣ್ಣೆದುರಿಗಿದೆ, ಅದರ ಅಳತೆಯೂ ಚಿಕ್ಕದು. ಒಡೆದ ಮಡಕೆಯು ಯಾವ ದನದ ಹೊಟ್ಟೆಯನ್ನೂ ಸೇರುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಪಂಚಕಲ್ಯಾಣಕ್ಕೆ, ವಾರ್ಷಿಕೋತ್ಸವಕ್ಕೆ ಪ್ಲಾಸ್ಟಿಕ್ ಲೋಟಗಳ ಬದಲು ಮಣ್ಣಿನ ಲೋಟಗಳನ್ನು ತರಿಸಲು ಯೋಚಿಸುವುದಾದರೆ ಒಂದು ಸಂಗತಿ ತಿಳಿದಿರಲಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿ ಮಡಕೆ ಒಣಗುವುದಿಲ್ಲ; ಮುನಿಗಳ ವರ್ಷಾಯೋಗದಂತೆ ತಿಗುರಿಗೂ ಅದು ವಿರಾಮದ ಕಾಲ. ವಾರದೊಳಗೆ ಸಾವಿರ ಲೋಟ ಕೇಳಿದರೆ ಯಾವ ಕುಂಬಾರನೂ ಕೊಡಲಾರ. ಸುಗ್ಗಿ ಮುಗಿಯುತ್ತಲೇ ಹೇಳಿ ಮುಂಗಡ ಕೊಟ್ಟರೆ ಮಳೆಗೆ ಮೊದಲೇ ಸುಟ್ಟು ಕೊಟ್ಟಾನು. ಬಸದಿಯ ಕೆರೆಯ ಹೂಳೆತ್ತಿಸುವ ವರ್ಷ ಆ ಜೇಡಿಮಣ್ಣನ್ನು ಗದ್ದೆಯ ಅಂಚಿಗೆ ಸುರಿಯುವ ಮೊದಲು ಅವನಿಗೊಂದು ಮಾತು ಹೇಳಿ ಕಳುಹಿಸಬಹುದು. ಅವನು ಬೇರೆಡೆ ಹೊಸ ಗುಂಡಿ ತೋಡುವುದಾದರೂ ತಪ್ಪುತ್ತದೆ.