ಆಸ್ಪತ್ರೆಯ ಅಂಗಸಂಸ್ಥೆಗಳೂ ನೌಕರರ ವೃತ್ತಿಯೂ

ಸಾರ್ವಜನಿಕ ಆಸ್ಪತ್ರೆಯೊಂದು ತನ್ನ ಕೆಲವು ಕಾರ್ಯಗಳನ್ನು ಬೇರ್ಪಡಿಸಿ, ಅವುಗಳ ನಿರ್ವಾಹಕ್ಕೆ ತನ್ನದೇ ಒಡೆತನದಲ್ಲಿ ಪ್ರತ್ಯೇಕ ಕಂಪೆನಿಯನ್ನು ಸ್ಥಾಪಿಸುವ ಪದ್ಧತಿಯು ಈ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ಬಂದಿದೆ. ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪವಾದುದೆಂದರೆ ಸರ್ಕಾರಿ ಆಸ್ಪತ್ರೆಯ ಆಡಳಿತವನ್ನೇ ಅನ್ಯ ಸಂಸ್ಥೆಗೆ ಒಪ್ಪಿಸುವ ಕ್ರಮ. ಇವೆರಡರಲ್ಲಿಯೂ ನೌಕರರ ಸ್ಥಿತಿಯು ಹೇಗೆ ಮಾರ್ಪಟ್ಟಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೈಸೂರು–ಚಾಮರಾಜನಗರ ರೈಲುದಾರಿಯಲ್ಲಿರುವ ಬದನಗುಪ್ಪೆಯಿಂದ ಮೂಡಲಿಗೆ, ಯಳಂದೂರು ತಾಲ್ಲೂಕಿನಲ್ಲಿ, ಗುಂಬಳ್ಳಿ ಎಂಬ ಗ್ರಾಮವಿದೆ. ಈ ತಾಲ್ಲೂಕಿನ ಕುಷ್ಠರೋಗ ನಿವಾರಣೆಗೆಂದು ಡಾ. ಹೆಚ್. ಸುದರ್ಶನರು 1986ರಲ್ಲಿ ಕರುಣಾ ಟ್ರಸ್ಟನ್ನು ಸ್ಥಾಪಿಸಿದರು. 1996ರಲ್ಲಿ ಸರ್ಕಾರವು ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಾಹವನ್ನು ಆ ಟ್ರಸ್ಟಿಗೆ ವಹಿಸಿತು. ಆಗ ಈ ಸೀಮೆಯು ಮೈಸೂರು ಜಿಲ್ಲೆಗೇ ಸೇರಿದ್ದಿತು. ಚಾಮರಾಜನಗರ ಜಿಲ್ಲೆ ಏರ್ಪಟ್ಟುದು 1997ರಲ್ಲಿ. ಕಣ್ಣಿನ ಬೇನೆ, ಮೂರ್ಛೆರೋಗ, ಮನೋರೋಗ ಇವುಗಳ ಉಪಚಾರವೂ ಹಳ್ಳಿಯ ಕೇಂದ್ರದಲ್ಲಿಯೇ ದೊರೆಯುವಂತಾಯಿತು. ರೋಗಿಗಳಿಗಾದ ಈ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಇಂತಹ ವ್ಯವಸ್ಥೆಯಲ್ಲಿ ಟ್ರಸ್ಟಿನಿಂದ ನೇಮಕಗೊಂಡವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡಿದರೂ ಸರ್ಕಾರಿ ನೌಕರರಾಗುವುದಿಲ್ಲ. ಸರ್ಕಾರಿ ಸೇವಾನಿಯಮಗಳೂ ನಿವೃತ್ತಿವೇತನವೂ ಅವರಿಗೆ ಅನ್ವಯಿಸತಕ್ಕವಲ್ಲ.

ಇಂಗ್ಲೆಂಡಿನಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಅಲ್ಲಿ ಕಸ ಗುಡಿಸುವುದು, ಉಗ್ರಾಣ, ಕಟ್ಟಡಗಳ ದುರಸ್ತಿ ಮೊದಲಾದ ಕೆಲಸಗಳನ್ನು ಅಂಗಕಂಪೆನಿಗೆ ವರ್ಗಾಯಿಸಿದರೆ ತೆರಿಗೆಯಲ್ಲಿ ಉಳಿತಾಯವುಂಟು. ವರ್ಗವಾದ ಹಳೆಯ ನೌಕರರ ಷರತ್ತುಗಳಿಗೆ ಕಾನೂನಿನ ರಕ್ಷಣೆಯಿದೆ. ಹೊಸಬರಿಗಾದರೋ ರಾಷ್ಟ್ರೀಯ ಆರೋಗ್ಯ ಸೇವೆಯ ವೇತನಶ್ರೇಣಿಯನ್ನಾಗಲಿ ನಿವೃತ್ತಿವೇತನವನ್ನಾಗಲಿ ಕೊಡಲೇಬೇಕೆಂಬ ನಿರ್ಬಂಧವಿಲ್ಲ. ಹೀಗೆ ಒಂದೇ ವಾರ್ಡನ್ನು ಗುಡಿಸುವ ಇಬ್ಬರಿಗೆ ಎರಡು ಬಗೆಯ ಮುಪ್ಪು ಕಾದಿರಬಹುದು. 2018ರಲ್ಲಿ ವಿಗನ್ ಪಟ್ಟಣದ ಆಸ್ಪತ್ರೆಗಳ ನೌಕರರು ಇದನ್ನು ವಿರೋಧಿಸಿ ಮುಷ್ಕರ ಹೂಡಲು, ಆಡಳಿತದವರು ಆ ಯೋಜನೆಯನ್ನು ಕೈಬಿಟ್ಟರು.

ಇಲ್ಲಿ 'ಗುತ್ತಿಗೆ' ಶಬ್ದದ ಚರಿತ್ರೆಯು ವಿಚಾರಾರ್ಹವಾಗಿದೆ. ಶಾಸನಗಳಲ್ಲಿ ಬರುವ 'ಗುತ್ತಗೆ' ಎಂಬುದು ಭೂಮಿಗೆ ಗೊತ್ತುಮಾಡಿದ ತೆರಿಗೆ ಅಥವಾ ಗೇಣಿಯ ಸಂಬಂಧವಾದ ಮಾತು. ಈಗ ನಾವು 'ಗುತ್ತಿಗೆ ನೌಕರ' ಎನ್ನುತ್ತೇವೆ. ನೆಲಕ್ಕಿದ್ದ ವಿಶೇಷಣವು ಮನುಷ್ಯರಿಗೆ ಬಂದಿದೆ. ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಏಪ್ರಿಲ್ 10ರಂದು ನೀಡಿದ ತೀರ್ಪಿನ ಪ್ರಕಾರ, ಕ್ರಮಬದ್ಧ ನೇಮಕಾತಿಯಿಲ್ಲದೆ ಬಹುಕಾಲ ದುಡಿದ ಮಾತ್ರಕ್ಕೇ ಖಾಯಂ ಹುದ್ದೆಯ ಹಕ್ಕು ಹುಟ್ಟುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ಪಿಡುಗಿನ ನಡುವೆಯೇ, ರಾಜ್ಯದ ಗುತ್ತಿಗೆ ಆರೋಗ್ಯ ನೌಕರರು ಸಮಾನ ವೇತನಕ್ಕಾಗಿ ಮುಷ್ಕರ ಹೂಡಿದುದರ ಹಿನ್ನೆಲೆಯಲ್ಲಿ ಈ ಅಭದ್ರತೆಯನ್ನು ಗಮನಿಸಬೇಕು.

ರೋಗಿಗಳ ಉಪಚಾರಕ್ಕೆ ಧರ್ಮಸಂಸ್ಥೆಗಳು ಆಶ್ರಯವಾಗುವುದು ನಮ್ಮಲ್ಲಿ ಹೊಸದಲ್ಲ. ಬಳ್ಳಿಗಾವೆಯ ಕೋಡಿಯಮಠವನ್ನು 1162ರ ಶಾಸನವು ರೋಗಿಗಳ ಚಿಕಿತ್ಸೆಯ ಸ್ಥಾನವೆಂದು ವರ್ಣಿಸುತ್ತದೆ. ನಮ್ಮ ದಾನಶಾಸನಗಳಲ್ಲಿ ಅನೇಕವು ದೇವರ ಅಮೃತಪಡಿಯೊಡನೆ ಹೂವಾಡಿಗ, ವಾದ್ಯಗಾರ ಮೊದಲಾದ ಪರಿಚಾರಕರಿಗೂ ಇಂತಿಷ್ಟು ವೃತ್ತಿಯೆಂದು ಗೊತ್ತುಮಾಡುತ್ತವೆ. ಅಂದಿನ ಸಮಾಜದಲ್ಲಿ ಸಮತೆಯಿದ್ದಿತೆಂದು ಇದರಿಂದ ಹೇಳಲಾಗದು. ಆದರೂ ಸೇವೆಯನ್ನು ಏರ್ಪಡಿಸುವವನು ಸೇವಕರ ಜೀವನೋಪಾಯವನ್ನೂ ಅದೇ ಪತ್ರದಲ್ಲಿ ಹೇಳಬೇಕೆಂಬ ವಿವೇಕವು ಅಲ್ಲಿ ಕಾಣುತ್ತದೆ.

ಆದುದರಿಂದ ಆಸ್ಪತ್ರೆಯು ಅಂಗಕಂಪೆನಿಯನ್ನು ಸ್ಥಾಪಿಸಲಿ, ಸರ್ಕಾರವು ಟ್ರಸ್ಟಿಗೆ ಆಡಳಿತವನ್ನು ವಹಿಸಲಿ, ಮೊದಲು ಪರಿಶೀಲಿಸತಕ್ಕುದು ಒಪ್ಪಂದಪತ್ರವನ್ನು. ಮುಂದೆ ನೇಮಕವಾಗುವವರ ವೇತನಕ್ಕೂ ಮುಪ್ಪಿಗೂ ಹೊಣೆ ಯಾರೆಂಬುದು ಅದರಲ್ಲಿ ನಮೂದಾಗಿರದಿದ್ದರೆ, ಉಳಿತಾಯವೆಂದು ಲೆಕ್ಕಕ್ಕೆ ಬಂದ ಹಣವು ಆ ನೌಕರರ ಪಾಲಿನಿಂದ ತೆಗೆದುದೇ ಎಂದು ಶಂಕಿಸಲು ಅವಕಾಶವಿದೆ.