ತಂತ್ರಾಂಶ ಗಿಟಾರ್

ಗಿಟಾರನ್ನು ಕೈಯಲ್ಲಿ ಹಿಡಿಯದೆ, ಕೀಲಿಮಣೆಯನ್ನು ನುಡಿಸುವುದರಿಂದಲೋ ಗಣಕದ ಪರದೆಯ ಮೇಲೆ ಸ್ವರಗಳನ್ನು ಬರೆಯುವುದರಿಂದಲೋ ಆ ವಾದ್ಯದ ನಾದವನ್ನೂ ನುಡಿಸಾಣಿಕೆಯನ್ನೂ ಉಂಟುಮಾಡುವ ಗಣಕಸಾಧನಕ್ಕೆ ತಂತ್ರಾಂಶ ಗಿಟಾರ್ ಎಂದು ಹೆಸರು. ಚಲನಚಿತ್ರಗೀತೆ, ಭಾವಗೀತೆ, ಭಕ್ತಿಗೀತೆ, ಜಾಹೀರಾತು ಮೊದಲಾದವುಗಳ ಹಿನ್ನೆಲೆಯಲ್ಲಿ ಇಂದು ಕೇಳಿಬರುವ ಗಿಟಾರಿನ ಒಂದು ಪಾಲು ಇಂಥ ಸಾಧನದಿಂದಲೇ ಹುಟ್ಟಿದ್ದು. ಇದರ ಚರಿತ್ರೆಯಲ್ಲಿ ಎರಡು ಮಾರ್ಗಗಳು ಕಂಡುಬರುತ್ತವೆ: ತಂತಿಯ ಕಂಪನವನ್ನು ಗಣಿತದಿಂದ ಲೆಕ್ಕಹಾಕಿ ನಾದವನ್ನು ಸೃಷ್ಟಿಸುವ ಮಾರ್ಗ ಒಂದು, ನಿಜವಾದ ವಾದ್ಯದ ಸ್ವರಗಳನ್ನು ಒಂದೊಂದಾಗಿ ಮುದ್ರಿಸಿಕೊಂಡು ಬೇಕಾದಾಗ ಹೊರಡಿಸುವ ಮಾರ್ಗ ಇನ್ನೊಂದು. ಎರಡೂ ಮಾರ್ಗಗಳು ವಾದ್ಯದ ನಾದಗುಣವನ್ನು ಮೊದಲು ವಶಪಡಿಸಿಕೊಂಡು, ವಾದಕನ ಹಸ್ತವ್ಯಾಪಾರವನ್ನು ಬಹುಕಾಲದ ಮೇಲೆ ಅರಿತುಕೊಂಡವೆಂಬುದು ಈ ಚರಿತ್ರೆಯ ಸಾರ.

ಅನುಕರಣೆಯ ಕಷ್ಟ

ಪಿಯಾನೋವಿನಲ್ಲಿ ಒಂದು ಸ್ವರಕ್ಕೆ ಒಂದೇ ಕೀಲಿ. ಗಿಟಾರಿನಲ್ಲಿ ಹಾಗಲ್ಲ. ಸಾಮಾನ್ಯ ಶ್ರುತಿಯಲ್ಲಿ ಅದರ ಆರು ತಂತಿಗಳು ಸುಮಾರು 82 ಹರ್ಟ್ಸ್‌ನಿಂದ 330 ಹರ್ಟ್ಸ್‌ವರೆಗಿನ ಸ್ವರಗಳಿಗೆ ಕೂಡಿಸಲ್ಪಟ್ಟಿರುತ್ತವೆ. ಮೊದಲನೆಯ ತಂತಿಯನ್ನು ಬಿಟ್ಟು ಮೀಟಿದಾಗ ಹೊರಡುವ ಸ್ವರವೇ ಎರಡನೆಯ ತಂತಿಯ ಐದನೆಯ ಮೆಟ್ಟಿನಲ್ಲಿಯೂ, ಮೂರನೆಯದರ ಒಂಬತ್ತನೆಯ ಮೆಟ್ಟಿನಲ್ಲಿಯೂ, ನಾಲ್ಕನೆಯದರ ಹದಿನಾಲ್ಕನೆಯ ಮೆಟ್ಟಿನಲ್ಲಿಯೂ, ಐದನೆಯದರ ಹತ್ತೊಂಬತ್ತನೆಯ ಮೆಟ್ಟಿನಲ್ಲಿಯೂ ದೊರೆಯುತ್ತದೆ. ಸ್ವರಸ್ಥಾನ ಒಂದೇ ಆದರೂ ತಂತಿಯ ದಪ್ಪ ಮತ್ತು ಕಂಪಿಸುವ ಉದ್ದ ಬೇರೆಯಾಗಿರುವುದರಿಂದ ನಾದದ ಬಣ್ಣ ಬೇರೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ವಾದಕನ ಎಡಗೈ ಅದಕ್ಕೆ ಹಿಂದಿನ ಮತ್ತು ಮುಂದಿನ ಸ್ವರಗಳನ್ನು ನೋಡಿ ನಿಶ್ಚಯಿಸುತ್ತದೆ.

ಅದಲ್ಲದೆ, ಕಾರ್ಡ್ ಎಂಬ ಸ್ವರಗುಚ್ಛವೊಂದನ್ನು ಬಾರಿಸಿದಾಗ ಆರು ತಂತಿಗಳೂ ಏಕಕಾಲಕ್ಕೆ ನುಡಿಯುವುದಿಲ್ಲ. ಕೈ ಕೆಳಗಿಳಿಯುವಾಗ ಮಂದ್ರದ ತಂತಿಯಿಂದ ತಾರದ ತಂತಿಯ ಕಡೆಗೂ, ಮೇಲೇರುವಾಗ ಅದಕ್ಕೆ ವಿರುದ್ಧವಾಗಿಯೂ, ಅತ್ಯಲ್ಪ ಕಾಲದ ಅಂತರದಲ್ಲಿ ಅವು ಒಂದರ ಹಿಂದೊಂದು ನುಡಿಯುತ್ತವೆ. ಒಂದು ತಂತಿಯಲ್ಲಿ ಒಂದು ಕಾಲಕ್ಕೆ ಒಂದೇ ಸ್ವರ ಸಾಧ್ಯವಾದುದರಿಂದ, ಕೀಲಿಮಣೆಯ ಮೇಲೆ ಒತ್ತೊತ್ತಾಗಿ ಹಿಡಿಯಬಹುದಾದ ಸ್ವರಗುಚ್ಛಗಳಲ್ಲಿ ಎಷ್ಟೋ ಗಿಟಾರಿನಲ್ಲಿ ಅಸಾಧ್ಯ. ಬೆರಳು ಜಾರುವ ಸದ್ದು, ಅಂಗೈಯಂಚಿನಿಂದ ತಂತಿಯನ್ನು ಅರ್ಧ ಅದುಮುವ ನುಡಿಸಾಣಿಕೆ, ಬಲಗೈ ಮೀಟದೆಯೇ ಎಡಗೈಯ ಬೆರಳಿನಿಂದ ಬಡಿದು ಸ್ವರವನ್ನು ಎಬ್ಬಿಸುವ ಕ್ರಮ, ಇವೆಲ್ಲವೂ ಸೇರಿ ಶ್ರೋತೃವಿನ ಕಿವಿಗೆ ಅದು ಗಿಟಾರೆಂಬ ನಂಬುಗೆಯನ್ನು ತರುತ್ತವೆ.

ನಾದವಿಜ್ಞಾನದ ಪೂರ್ವಪೀಠಿಕೆ

ಮೀಟಿದ ತಂತಿಯ ವಿಷಯದಲ್ಲಿ ವಿಜ್ಞಾನಿ ಥಾಮಸ್ ಯಂಗ್ ಕಂಡುಕೊಂಡ ನಿಯಮವೊಂದುಂಟು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ, ಆ ಬಿಂದುವಿನಲ್ಲಿ ನಿಶ್ಚಲವಾಗಿರತಕ್ಕ ಉಪಸ್ವರಗಳು (ಮೂಲಸ್ವರದೊಡನೆ ಕೂಡಿ ಕೇಳಿಬರುವ ಮೇಲಿನ ಸ್ವರಗಳು) ಹುಟ್ಟಲಾರವೆಂಬುದೇ ಆ ನಿಯಮ. ಮೀಟುವ ಸ್ಥಾನ ಬದಲಾದಂತೆ ಗಿಟಾರಿನ ನಾದ ಮೃದುವೋ ತೀಕ್ಷ್ಣವೋ ಆಗುವುದಕ್ಕೆ ಇದೇ ಕಾರಣ. ಭಾರತೀಯ ತಂತಿವಾದ್ಯಗಳನ್ನು ಕುರಿತು 1921ರಲ್ಲಿ ಪ್ರಕಟವಾದ ಲೇಖನದಲ್ಲಿ ಸಿ. ವಿ. ರಾಮನ್ ಅವರು, ತಂಬೂರಿ ಮತ್ತು ವೀಣೆಗಳು ಈ ನಿಯಮವನ್ನು ಮೀರುತ್ತವೆಯೆಂದು ತೋರಿಸಿದರು. ಈ ವಾದ್ಯಗಳಲ್ಲಿ ತಂತಿಯನ್ನು ಹೊರುವ ಕುದುರೆಯ ಮೇಲ್ಮೈ ಅಗಲವಾಗಿ ಬಾಗಿರುವುದರಿಂದ ಕಂಪಿಸುವ ತಂತಿ ಅದನ್ನು ಸವರುತ್ತ, ಹುಟ್ಟಬಾರದ ಉಪಸ್ವರಗಳನ್ನೂ ಹುಟ್ಟಿಸುತ್ತದೆ. ತಂಬೂರಿಯ ತಂತಿಯಡಿಯಲ್ಲಿ ಇಡುವ ನೂಲಿನ ಎಳೆ ಈ ಕ್ರಿಯೆಯನ್ನು ಹದಗೊಳಿಸುತ್ತದೆ. ಮುಂದೆ 1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದು, ಆ ಊರನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ತಂತಿಯ ಜೀವವು ತಂತಿಯೊಂದರಲ್ಲೇ ಇಲ್ಲ, ಅದು ಕುದುರೆಯನ್ನು ಸಂಧಿಸುವ ಸ್ಥಳದಲ್ಲಿಯೂ ಇದೆಯೆಂಬ ಅವರ ದರ್ಶನ, ಗಣಕಯುಗದ ಅನುಕರಣಕಾರರು ಕಲಿಯಬೇಕಾಗಿದ್ದ ಮೊದಲ ಪಾಠ.

ಗಣಿತಮಾರ್ಗ

ಗಣಕದಿಂದ ಸಂಗೀತವನ್ನು ಹೊರಡಿಸುವ ಪ್ರಯತ್ನ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅವರು 1957ರಲ್ಲಿ ರಚಿಸಿದ ಕ್ರಮವಿಧಿಯಿಂದ ನೆಲೆಗೊಂಡಿತು. ತಂತಿಯ ತರಂಗಸಮೀಕರಣವನ್ನೇ ಗಣಕದಿಂದ ಬಿಡಿಸಿ ನಾದವನ್ನು ಪಡೆಯುವ ವಿಧಾನವನ್ನು ಹಿಲ್ಲರ್ ಮತ್ತು ರೂಯಿಜ್ ಎಂಬುವರು 1971ರಲ್ಲಿ ಪ್ರಕಟಿಸಿದರಾದರೂ, ಅಂದಿನ ಯಂತ್ರಗಳಿಗೆ ಆ ಲೆಕ್ಕದ ಭಾರ ಅತಿಯಾಗಿತ್ತು.

ಭಾರವನ್ನು ಇಳಿಸಿದವರು ಸ್ಟ್ಯಾನ್‌ಫರ್ಡಿನ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್. 1983ರಲ್ಲಿ ಪ್ರಕಟವಾದ ಅವರ ವಿಧಾನದ ಸರಳತೆ ವಿಸ್ಮಯಕರವಾದುದು. ಸೆಕೆಂಡಿಗೆ 44,100 ಮಾದರಿಗಳ ಗತಿಯಲ್ಲಿ 110 ಹರ್ಟ್ಸ್ ಸ್ವರ ಬೇಕಾದರೆ ಸುಮಾರು 400 ಸಂಖ್ಯೆಗಳನ್ನು ಯಾವ ಕ್ರಮವೂ ಇಲ್ಲದೆ ಒಂದು ಸಾಲಿನಲ್ಲಿ ತುಂಬಿ, ಆ ಸಾಲನ್ನು ಮತ್ತೆ ಮತ್ತೆ ಓದುತ್ತ, ಪ್ರತಿ ಸುತ್ತಿನಲ್ಲಿಯೂ ಅಕ್ಕಪಕ್ಕದ ಎರಡು ಸಂಖ್ಯೆಗಳ ಸರಾಸರಿಯನ್ನು ಹಳೆಯ ಸಂಖ್ಯೆಯ ಸ್ಥಾನದಲ್ಲಿ ಇರಿಸುತ್ತ ಹೋದರೆ, ಮೊದಲ ಗದ್ದಲವು ಕ್ಷಣಮಾತ್ರದಲ್ಲಿ ಸ್ವರವಾಗಿ ಪರಿಣಮಿಸಿ, ಮೇಲಿನ ಉಪಸ್ವರಗಳು ಬೇಗನೆಯೂ ಕೆಳಗಿನವು ನಿಧಾನವಾಗಿಯೂ ಕ್ಷೀಣಿಸುವುದರಿಂದ, ಮೀಟಿದ ತಂತಿಯ ನಾದವೇ ಕೇಳಿಬರುತ್ತದೆ. ಡೇವಿಡ್ ಜ್ಯಾಫೆ ಮತ್ತು ಜೂಲಿಯಸ್ ಸ್ಮಿತ್ ಅವರು ಅದೇ ವರ್ಷ ಈ ವಿಧಾನವನ್ನು ತಿದ್ದಿ, ಶ್ರುತಿಯ ನಿಖರತೆ, ಮೀಟುವ ಸ್ಥಾನ, ಮೀಟಿನ ಬಲ ಇವುಗಳನ್ನು ಅದರೊಳಕ್ಕೆ ತಂದರು. ಸ್ಮಿತ್ ಅವರೂ, ಹೆಲ್ಸಿಂಕಿಯ ಕಾರ್ಯಲೈನೆನ್, ವಾಲಿಮಾಕಿ ಮೊದಲಾದವರೂ 1993ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು: ಮೀಟಿನ ಆಘಾತವನ್ನೂ ಗಿಟಾರಿನ ಮರದ ಒಡಲಿನ ಪ್ರತಿಸ್ಪಂದನವನ್ನೂ ಒಂದುಗೂಡಿಸಿ, ಆ ಸಂಯುಕ್ತ ಆಘಾತದಿಂದಲೇ ಗಣಿತದ ತಂತಿಯನ್ನು ಕಂಪಿಸುವಂತೆ ಮಾಡಿದುದರಿಂದ, ಒಡಲನ್ನು ಬೇರೆಯಾಗಿ ಲೆಕ್ಕಹಾಕುವ ದುಡಿಮೆ ತಪ್ಪಿತು.

ಮುದ್ರಿತ ನಾದದ ಮಾರ್ಗ

ಎರಡನೆಯ ಮಾರ್ಗ ಪ್ರಸಿದ್ಧಿಗೆ ಬಂದದ್ದು 1979ರಲ್ಲಿ ಸಿಡ್ನಿ ನಗರದಲ್ಲಿ ಪೀಟರ್ ವೊಗೆಲ್ ಮತ್ತು ಕಿಮ್ ರೈರೀ ನಿರ್ಮಿಸಿದ ಫೇರ್‌ಲೈಟ್ ಯಂತ್ರದಿಂದ. ಅಲ್ಪವಾದ ಸ್ಮೃತಿಕೋಶದ ಆ ಯಂತ್ರದಲ್ಲಿ ಹಿಡಿಸುತ್ತಿದ್ದುದು ಕ್ಷಣಕಾಲದ ನಾದ ಮಾತ್ರ. 1983ರಲ್ಲಿ, ಡೇವ್ ಸ್ಮಿತ್ ಮತ್ತು ಇಕುಟಾರೊ ಕಾಕೆಹಾಶಿ ಇವರ ಮುಂದಾಳುತನದಲ್ಲಿ, ವಿವಿಧ ತಯಾರಕರ ವಾದ್ಯಗಳು ಒಂದರೊಡನೊಂದು ಸಂಭಾಷಿಸುವ ಮಿಡಿ ಎಂಬ ಸಂಕೇತಪದ್ಧತಿ ಬಳಕೆಗೆ ಬಂದಿತು. 1991ರಲ್ಲಿ ನಿರ್ಧರಿಸಲಾದ ಜನರಲ್ ಮಿಡಿ ಪಟ್ಟಿಯ 128 ನಾದಗಳಲ್ಲಿ ಎಂಟು ಗಿಟಾರಿಗೆ ಮೀಸಲಾಗಿದ್ದವು: ನೈಲಾನ್ ತಂತಿಯದು, ಉಕ್ಕಿನ ತಂತಿಯದು, ಜಾಜ್, ಶುದ್ಧ ವಿದ್ಯುತ್ ಗಿಟಾರ್, ಅದುಮಿದ ನಾದ, ಕರ್ಕಶನಾದದ ಎರಡು ಬಗೆ, ಹಾರ್ಮೋನಿಕ್ಸ್. ಆದರೆ ಮಿಡಿ ಮೂಲತಃ ಕೀಲಿಮಣೆಯ ದೃಷ್ಟಿಯಿಂದ ಹುಟ್ಟಿದ ಪದ್ಧತಿಯಾದುದರಿಂದ, ಯಾವ ಸ್ವರ, ಎಷ್ಟು ಬಲ, ಎಷ್ಟು ಹೊತ್ತು ಎಂಬುದನ್ನು ಹೇಳಬಲ್ಲುದಾಗಿತ್ತೇ ಹೊರತು, ಯಾವ ತಂತಿ, ಯಾವ ಬೆರಳು ಎಂಬುದನ್ನು ಸಹಜವಾಗಿ ಹೇಳಲಾರದಾಗಿತ್ತು.

ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ಹೊರತಂದ, ಧ್ವನಿಮುದ್ರಣ ತಂತ್ರಾಂಶದೊಳಗೆ ಇತರ ತಂತ್ರಾಂಶಗಳನ್ನು ಜೋಡಿಸುವ ವಿ.ಎಸ್.ಟಿ. ಪದ್ಧತಿ 1999ರ ಪರಿಷ್ಕರಣದಲ್ಲಿ ವಾದ್ಯಗಳಿಗೂ ವಿಸ್ತರಿಸಿದಾಗ, ಬೇರೆ ಯಂತ್ರದ ಅವಶ್ಯಕತೆಯಿಲ್ಲದೆ ವಾದ್ಯವು ಗಣಕದೊಳಗೇ ವಾಸಮಾಡುವಂತಾಯಿತು. ಅದೇ ಅವಧಿಯಲ್ಲಿ ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶವು ದೀರ್ಘವಾದ ಮುದ್ರಿಕೆಗಳನ್ನು ಸ್ಮೃತಿಕೋಶಕ್ಕೆ ಪೂರ್ತಿಯಾಗಿ ತುಂಬದೆ ಡಿಸ್ಕಿನಿಂದ ನೇರವಾಗಿ ಹರಿಯಿಸುವ ಉಪಾಯವನ್ನು ರೂಢಿಗೆ ತಂದಿತು. 2002ರಲ್ಲಿ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಕಾಂಟ್ಯಾಕ್ಟ್ ಎಂಬ ತಂತ್ರಾಂಶ ಬಂದಮೇಲೆ, ಪ್ರತಿ ತಂತಿಯ ಪ್ರತಿ ಮೆಟ್ಟನ್ನೂ ಹಲವು ಬಲಗಳಲ್ಲಿ ಹಲವು ಸಲ ಮೀಟಿ ಮುದ್ರಿಸಿದ ಬೃಹತ್ ನಾದಸಂಗ್ರಹಗಳು ಸಾಮಾನ್ಯವಾದವು.

ಹಸ್ತದ ಅನುಕರಣೆ

ನಾದ ಕೈಸೇರಿದ ಬಳಿಕವೂ ಕೃತಕತೆ ಉಳಿದುದರಿಂದ, ನಿರ್ಮಾತೃಗಳ ಗಮನ ವಾದಕನ ಕೈಯ ಕಡೆಗೆ ಹರಿಯಿತು. ಒಂದೇ ಮುದ್ರಿಕೆ ಪುನಃ ಪುನಃ ಕೇಳಿದರೆ ಕಿವಿ ಅದನ್ನು ತಕ್ಷಣ ಗುರುತಿಸುವುದರಿಂದ, ಒಂದೇ ಸ್ವರದ ಬೇರೆ ಬೇರೆ ಮೀಟುಗಳನ್ನು ಸರದಿಯಂತೆ ಹೊರಡಿಸುವ ರೌಂಡ್ ರಾಬಿನ್ ಕ್ರಮ ಬಂದಿತು. ಮೀಟುವ ಬಗೆಯನ್ನು ಬದಲಿಸಲು, ಗಿಟಾರಿನ ವ್ಯಾಪ್ತಿಗೆ ಹೊರಗಿರುವ ಕೀಲಿಗಳನ್ನು ಆಜ್ಞೆಗಳಾಗಿ ಬಳಸುವ ಕೀಸ್ವಿಚ್ ಕ್ರಮ ರೂಢವಾಯಿತು. ಕೀಲಿಮಣೆಯ ಮೇಲೆ ಹಿಡಿದ ಸ್ವರಗಳನ್ನು ಗಿಟಾರಿನಲ್ಲಿ ಸಾಧ್ಯವಾದ ಕಾರ್ಡ್ ಆಗಿ ಮಾರ್ಪಡಿಸಿ, ತಂತಿಯಿಂದ ತಂತಿಗೆ ಕೈ ಸಾಗುವ ಅಂತರವನ್ನೂ ಸೇರಿಸಿ ಬಾರಿಸುವ ತಂತ್ರಾಂಶಗಳಲ್ಲಿ ಮ್ಯೂಸಿಕ್‌ಲ್ಯಾಬಿನ ರಿಯಲ್‌ಗಿಟಾರ್ ಪ್ರಸಿದ್ಧವಾಯಿತು. ಪ್ರತಿ ಸ್ವರಕ್ಕೂ ಸ್ವತಂತ್ರವಾದ ಬಾಗುವಿಕೆಯನ್ನು ಕೊಡಬಲ್ಲ ಎಂ.ಪಿ.ಇ. ಪದ್ಧತಿ 2018ರಲ್ಲಿ ಮಿಡಿಯ ಅಂಗವಾಗಿ ಅಂಗೀಕೃತವಾಯಿತು. ವಿದ್ಯುತ್ ಗಿಟಾರಿನ ನಾದದಲ್ಲಿ ದೊಡ್ಡ ಪಾಲು ಆಂಪ್ಲಿಫೈಯರಿನದಾದುದರಿಂದ, 1998ರ ಲೈನ್ 6 ಪಾಡ್ ಮೊದಲಾದವುಗಳ ಮೂಲಕ ಆಂಪ್ಲಿಫೈಯರುಗಳ ಅನುಕರಣೆಯೂ ಇದಕ್ಕೆ ಪೂರಕವಾಗಿ ಬೆಳೆಯಿತು.

ಸಾಧನ ಎಷ್ಟೇ ಉತ್ತಮವಾಗಿದ್ದರೂ ಬಳಸುವವನ ವಿವೇಕ ಅನಿವಾರ್ಯ. ಸ್ವರಗಳನ್ನು ತಾಳದ ಗೆರೆಗೆ ಅಂಟಿಸದೆ ಕೊಂಚ ಹಿಂದುಮುಂದಾಗಿ ಇರಿಸುವುದು, ಬಲವಾದ ಮಾತ್ರೆಗೆ ಕೆಳಮೀಟು, ನಡುವಣ ಮಾತ್ರೆಗೆ ಮೇಲ್ಮೀಟು ಎಂಬ ಕೈಯ ಲಯವನ್ನು ಪಾಲಿಸುವುದು, ಕಾರ್ಡ್ ಬದಲಾಗುವ ಕ್ಷಣದಲ್ಲಿ ಎಡಗೈ ಎತ್ತುವಷ್ಟು ಅವಕಾಶ ಬಿಡುವುದು, ಎಡಬಲಗಳಲ್ಲಿ ಎರಡು ಗಿಟಾರುಗಳನ್ನು ಕೇಳಿಸಬೇಕಾದರೆ ಒಂದನ್ನೇ ಪ್ರತಿಮಾಡದೆ ಎರಡನೆಯದನ್ನು ಬೇರೆಯಾಗಿ ನುಡಿಸುವುದು, ಇವು ಅನುಭವಿಗಳು ಪಾಲಿಸುವ ನಿಯಮಗಳು. ಈ ನಿಯಮಗಳಲ್ಲಿ ಒಂದೊಂದೂ ಗಿಟಾರ್ ಹಿಡಿದ ಮನುಷ್ಯನ ದೇಹದಿಂದ ಬಂದದ್ದು.

ಕರ್ನಾಟಕದಲ್ಲಿ

ಮೀಟುವಾದ್ಯದ ಅನುಕರಣೆ ಕನ್ನಡನಾಡಿನಲ್ಲಿ ಗಿಟಾರಿನಿಂದಲ್ಲ, ತಂಬೂರಿಯಿಂದ ಮೊದಲಾಯಿತು. ಬೆಂಗಳೂರಿನ ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ನಿರ್ಮಿಸಿ, ಮದರಾಸಿನ ಮ್ಯೂಸಿಕ್ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಅವರ ರಾಡೆಲ್ ಸಂಸ್ಥೆಯ ಶ್ರುತಿಯಂತ್ರಗಳು ಮುಂದೆ ಸಂಗೀತಪಾಠದ ಮನೆಗಳಲ್ಲಿಯೂ ಕಛೇರಿಯ ವೇದಿಕೆಗಳಲ್ಲಿಯೂ ನೆಲೆನಿಂತವು. ಫೇರ್‌ಲೈಟ್ ಯಂತ್ರ ಲೋಕಕ್ಕೆ ಬಂದ ವರ್ಷವೇ ಬೆಂಗಳೂರಿನಲ್ಲಿ ಈ ಕಾರ್ಯ ನಡೆದಿತ್ತೆಂಬುದು ಅಭಿಮಾನಪಡತಕ್ಕ ಸಂಗತಿ.

ಕನ್ನಡ ಚಿತ್ರಸಂಗೀತದಲ್ಲಿ ಗಿಟಾರ್ ದೀರ್ಘಕಾಲ ಜೀವಂತ ವಾದಕರ ಕೈಯಲ್ಲಿಯೇ ಇತ್ತು. ಮುಂದೆ ಮಹಾಸಂಗೀತಗಾರರಾದ ಇಳಯರಾಜಾ ಅವರು ಗಿಟಾರ್ ವಾದಕರಾಗಿಯೂ ಸಹಾಯಕರಾಗಿಯೂ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರ ಬಳಿ ದುಡಿದರೆಂಬುದು ಪ್ರಸಿದ್ಧ. 1987ರ ‘ಪ್ರೇಮಲೋಕ’ ಚಿತ್ರದ ಸಂಗೀತ ನಿರ್ದೇಶಕ ಹಂಸಲೇಖ ಅವರ ಕಾಲಕ್ಕೆ ವಿದ್ಯುನ್ಮಾನ ವಾದ್ಯಗಳು ವಾದ್ಯಮೇಳದಲ್ಲಿ ಸ್ಥಿರವಾದ ಸ್ಥಾನ ಪಡೆದಿದ್ದವು. ಅಲ್ಲಿಂದ ಮುಂದೆ ಗಣಕವು ಧ್ವನಿಮುದ್ರಣಗೃಹದ ಕೇಂದ್ರವಾಯಿತು.

ನಮ್ಮ ಸಂಗೀತಕ್ಕೆ ವಿಶಿಷ್ಟವಾದ ತೊಡಕೊಂದುಂಟು. ಗಿಟಾರಿನ ಮೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಒಡೆಯುತ್ತವೆ. ಗಮಕವೋ ಆ ಭಾಗಗಳ ನಡುವೆ ಸಂಚರಿಸುವಂಥದು. ತೋಡಿ ರಾಗದ ಗಾಂಧಾರವನ್ನು ಬಿಡಿ ಮುದ್ರಿಕೆಗಳಿಂದ ಕಟ್ಟಲಾಗದು. ಸ್ವರವನ್ನು ಬಾಗಿಸುವ ರೇಖೆಯನ್ನು ರಾಗ ಬಲ್ಲವನೇ ಎಳೆಯಬೇಕು.

ದಾವಣಗೆರೆ ಸೀಮೆಯ ಸಂದರ್ಭ

ಈ ಸಾಧನ ಪುಟ್ಟ ಊರುಗಳಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆಂಬುದಕ್ಕೆ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು ಒಂದು ನಿದರ್ಶನ. ಸೂಳೆಕೆರೆಯ ನೀರು ಕುಡಿದ ಅಡಿಕೆತೋಟಗಳ ಚನ್ನಗಿರಿ, ತುಂಗಭದ್ರೆಯ ದಂಡೆಯ ಹೊನ್ನಾಳಿ, ಸಂತ ಸೇವಾಲಾಲರ ಸೂರಗೊಂಡನಕೊಪ್ಪವನ್ನು ಒಳಗೊಂಡ ನ್ಯಾಮತಿ, ಮಳೆಯನ್ನು ಕಾಯುವ ಜಗಳೂರು, ಇವುಗಳಲ್ಲಿ ಗಿಟಾರ್ ಪರಂಪರೆಯ ವಾದ್ಯವಲ್ಲ. ಭಜನೆಯ ಹಾರ್ಮೋನಿಯಂ, ತತ್ತ್ವಪದಕಾರರ ಏಕತಾರಿ, ಚೌಡಿಕೆ, ಡೊಳ್ಳು, ಲಂಬಾಣಿ ತಾಂಡಾಗಳ ಹಾಡು, ಬಯಲಾಟ, ಚಿಂದೋಡಿ ಮನೆತನದ ಕೆ. ಬಿ. ಆರ್. ಡ್ರಾಮಾ ಕಂಪನಿಯಿಂದ ಪ್ರಸಿದ್ಧವಾದ ದಾವಣಗೆರೆಯ ವೃತ್ತಿರಂಗಭೂಮಿ, ಇವು ಈ ಸೀಮೆಯ ನಾದಸಂಪತ್ತು. ಜಾತ್ರೆಯ ರಸಮಂಜರಿಗಳಲ್ಲಿ ಗಿಟಾರಿನ ಪಾತ್ರವನ್ನು ಕೀಬೋರ್ಡ್ ನುಡಿಸುವವನೇ ವಹಿಸುವುದು ವಾಡಿಕೆ.

ಇಂಥ ಊರಿನಲ್ಲಿ ಕುಳಿತು ಹಾಡು ಕಟ್ಟುವವನಿಗೆ ತಂತ್ರಾಂಶ ಗಿಟಾರ್ ನಿಜವಾದ ಉಪಕಾರ. ಬೆಂಗಳೂರಿನ ಧ್ವನಿಮುದ್ರಣಗೃಹಕ್ಕೆ ಹೋಗಿ ವಾದಕರಿಗೆ ಸಂಭಾವನೆ ತೆರುವ ಶಕ್ತಿಯಿಲ್ಲದವನೂ, ಒಂದು ಗಣಕ ಮತ್ತು ಒಂದು ಸಣ್ಣ ಕೀಲಿಮಣೆಯಿಂದ ತನ್ನ ರಾಗಕ್ಕೆ ತಕ್ಕ ಹಿನ್ನೆಲೆಯನ್ನು ಕಟ್ಟಿಕೊಳ್ಳಬಲ್ಲ. ಆದರೆ ಸಿದ್ಧ ಮಾದರಿಗಳನ್ನು ಹಾಗೆಯೇ ಹಾಕಿಕೊಂಡರೆ ಎಲ್ಲ ಊರಿನ ಹಾಡೂ ಒಂದೇ ಆಗುವ ಭಯವುಂಟು. ಏಕತಾರಿಯ ಮೀಟನ್ನೂ ಚೌಡಿಕೆಯ ಬಿಗಿಸಡಿಲನ್ನೂ ಕೇಳಿ ಬೆಳೆದ ಕಿವಿಗೆ ತಂತಿಯ ನಡೆ ಹೊಸದಲ್ಲ. ಆ ನಡೆಯನ್ನು ಗಣಕದ ಗಿಟಾರಿಗೆ ಕಲಿಸುವ ಹಕ್ಕೂ ಹೊಣೆಯೂ ಅವನವು.

ಮೌಲ್ಯ

ಈ ಸಾಧನಗಳು ವಾದಕನ ಜೀವನೋಪಾಯಕ್ಕೆ ಕುಂದು ತಂದಿರುವುದು ಸುಳ್ಳಲ್ಲ; ವಾದಕನಿಲ್ಲದೆ ಇವು ಹುಟ್ಟಲಾರವೆಂಬುದೂ ಅಷ್ಟೇ ನಿಜ. ಪ್ರತಿಯೊಂದು ನಾದಸಂಗ್ರಹದ ಹಿಂದೆಯೂ ದಿನಗಟ್ಟಲೆ ಒಂದೊಂದೇ ಸ್ವರವನ್ನು ಸಮನಾಗಿ ಮೀಟಿದ ಗಿಟಾರ್ ವಾದಕನೊಬ್ಬನ ಶ್ರಮವಿದೆ. ಯಂಗನ ನಿಯಮದಿಂದ ರಾಮನ್ನರ ಕುದುರೆಗೂ, ಅಲ್ಲಿಂದ ಕಾರ್ಪ್ಲಸ್ ಸ್ಟ್ರಾಂಗರ ಸಂಖ್ಯಾವಳಿಗೂ, ಮುಂದೆ ರೌಂಡ್ ರಾಬಿನ್ನಿಗೂ ಸಾಗಿಬಂದ ಈ ಅನುಕರಣವಿದ್ಯೆ, ತಂತಿಯನ್ನು ಮುಟ್ಟುವ ಬೆರಳು ಎಷ್ಟು ಸೂಕ್ಷ್ಮವಾದ ಕೆಲಸ ಮಾಡುತ್ತಿತ್ತೆಂಬುದನ್ನು ಹೆಜ್ಜೆಹೆಜ್ಜೆಗೂ ಪ್ರಕಟಪಡಿಸಿದೆ. ಆದುದರಿಂದ ಇದನ್ನು ಕಲಿಯಬಯಸುವವರು ಒಂದು ಹಳೆಯ ಗಿಟಾರನ್ನಾದರೂ ದೊರಕಿಸಿಕೊಂಡು, ನಾಲ್ಕು ಕಾರ್ಡ್‌ಗಳನ್ನು ಸ್ವತಃ ಹಿಡಿದು ಬಾರಿಸುವುದು ಯಾವ ಕೈಪಿಡಿಗಿಂತಲೂ ಹೆಚ್ಚಿನ ಪ್ರಯೋಜನವನ್ನು ಕೊಡುತ್ತದೆ.